ಒಂದೇ ಪಯಣ, ಎರಡು ಚೀಟಿ

"ವಿಮಾನದ ಸುದ್ದಿ ನಮಗೇಕೆ, ನಮ್ಮದೇನಿದ್ದರೂ ಕೆಂಪು ಬಸ್ಸು" ಎಂದು ಪುಟ ಮಗುಚಬೇಡಿ ಸೋದರಿಯರೇ. ನಮ್ಮ ತಿಪಟೂರಿನಂಥ ಊರಿನಲ್ಲಿಯೂ ಈಗ ಬೀದಿಗೆ ನಾಲ್ಕಾರು ಮನೆಯವರಾದರೂ ವಿಮಾನ ಹತ್ತಿ ಇಳಿದವರಿದ್ದಾರೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದವರು, ಮಗನ ಹೊಸ ಮನೆಯಲ್ಲಿ ಹಾಲುಕ್ಕಿಸಲು ಪುಣೆಗೆ ಹೋದವರು, ಕಾಶಿಗೆ ಹೋಗಿ ಗಂಗೆ ತಂದವರು. ಕಲಬುರಗಿಗೆ 2019ರಲ್ಲಿ, ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಆ ಕಡೆಯ ಹೆಂಗಸರಿಗೂ ಇದು ಹತ್ತಿರದ ಮಾತಾಗಿದೆ. ಹೋಗಿಬಂದವರು ಹೇಳುವುದು ಎರಡೇ ದೂರು. ಒಂದು, ಅಲ್ಲಿನ ಕಾಫಿಯ ಬೆಲೆ. ಅದಕ್ಕೆ ನನ್ನಲ್ಲಿ ಪರಿಹಾರವಿಲ್ಲ, ಮನೆಯಲ್ಲೇ ಕುಡಿದು ಹೊರಡಿ. ಇನ್ನೊಂದು, "ನಮ್ಮಿಬ್ಬರನ್ನೂ ಬೇರೆ ಬೇರೆ ಮಾಡಿಬಿಟ್ಟರು ಕಣ್ರೀ!" ಎನ್ನುವುದು.

ಇದನ್ನು ಕೇಳಿ ನಗುವವರೇ ಹೆಚ್ಚು. "ಮೂವತ್ತು ವರ್ಷ ಜೊತೆಯಲ್ಲೇ ಇದ್ದೀರಿ, ಎರಡು ಗಂಟೆ ಬೇರೆ ಕೂತರೆ ಏನು ಗಂಟು ಹೋಯಿತು?" ಎಂದು ನಮ್ಮ ಮನೆಯವರೂ ತಮಾಷೆ ಮಾಡುತ್ತಿದ್ದರು. ನಮ್ಮ ಅಕ್ಕ-ಭಾವನವರ ಕಾಶಿಯಾತ್ರೆ ಮುಗಿದ ಮೇಲೆ ಆ ತಮಾಷೆ ನಿಂತಿತು.

2023ರ ಡಿಸೆಂಬರ್ ಕೊನೆಯ ವಾರ ಅಕ್ಕನ ಬೀದಿಯ ಹನ್ನೊಂದು ಜನ ಸೇರಿ ಕಾಶಿಗೆ ಹೊರಟರು. ಬೆಂಗಳೂರಿನಿಂದ ನೇರ ವಿಮಾನ. ಟಿಕೆಟ್ ಮಾಡಿಸಲು ಎಲ್ಲರ ಆಧಾರ್ ಕಾರ್ಡಿನ ಜೆರಾಕ್ಸನ್ನು ಒಂದರ ಮೇಲೊಂದು ಪೇರಿಸಿ ಏಜೆಂಟರ ಅಂಗಡಿಗೆ ಕೊಟ್ಟರು. ಅಂಗಡಿಯ ಹುಡುಗ ಆ ಕಟ್ಟನ್ನು ಮೇಲಿನಿಂದ ಒಂದೊಂದಾಗಿ ತೆಗೆದು ಕಂಪ್ಯೂಟರಿಗೆ ಏರಿಸುತ್ತಾ ಹೋದ. ಒಂಬತ್ತು ಹೆಸರಾದ ಮೇಲೆ ಕಂಪ್ಯೂಟರು ಇನ್ನು ಸಾಕೆಂದಿತು. ರೈಲಿನಲ್ಲಿ ಒಂದು ಟಿಕೆಟ್ಟಿಗೆ ಆರು ಜನ ಎಂದು ಲೆಕ್ಕವಿದೆಯಲ್ಲ, ಹಾಗೆ ವಿಮಾನದ ಒಂದು ಬುಕಿಂಗಿಗೆ ಒಂಬತ್ತು ಜನ. ಅದಕ್ಕೂ ಹೆಚ್ಚಿದ್ದರೆ ಗುಂಪಿನ ಬುಕಿಂಗ್ ಬೇಕೆಂದು ವಿಮಾನದ ಕಂಪನಿಯವರನ್ನು ಬೇರೆಯಾಗಿಯೇ ಕೇಳಬೇಕು. ಹುಡುಗ ಕೇಳಲಿಲ್ಲ. ಉಳಿದ ಎರಡು ಹೆಸರಿಗೆ ಇನ್ನೊಂದು ಬುಕಿಂಗ್ ಮಾಡಿ ಕೈ ತೊಳೆದುಕೊಂಡ. ಆ ಕಟ್ಟಿನಲ್ಲಿ ಒಂಬತ್ತನೆಯ ಕಾಗದ ಭಾವನವರದು. ಹತ್ತನೆಯದು ಅಕ್ಕನದು. ಹನ್ನೊಂದನೆಯದು ಹಿಂದಿನ ಬೀದಿಯ ಒಬ್ಬ ಅಜ್ಜಿಯದು. ಅಲ್ಲಿಗೆ ಗಂಡನದು ಒಂದು ಚೀಟಿ, ಹೆಂಡತಿಯದು ಇನ್ನೊಂದು ಚೀಟಿ ಆಯಿತು. ಯಾರೂ ಗಮನಿಸಲಿಲ್ಲ. ಗಮನಿಸಿದ್ದರೂ "ವಿಮಾನ ಒಂದೇ ತಾನೆ" ಎನ್ನುತ್ತಿದ್ದರೇನೋ.

ಹೋಗುವಾಗ ಆದದ್ದು ಸೀಟಿನ ತೊಂದರೆ ಅಷ್ಟೆ. ಭಾವನವರು ಮುಂದೆ ಒಂಬತ್ತನೇ ಸಾಲಿನಲ್ಲಿ, ಅಕ್ಕ ಹಿಂದೆ ಇಪ್ಪತ್ತೇಳನೇ ಸಾಲಿನ ನಡುವಿನ ಸೀಟಿನಲ್ಲಿ, ಆಚೆಗೊಬ್ಬ ಈಚೆಗೊಬ್ಬ ಅಪರಿಚಿತ ಹುಡುಗರು. ಇಬ್ಬರೂ ಕಿವಿಗೆ ಅದೇನೋ ಸಿಕ್ಕಿಸಿಕೊಂಡು ನಿದ್ದೆ. ಅವರನ್ನು ಎಬ್ಬಿಸಿ ದಾಟಿ ಹೋಗಲು ಸಂಕೋಚಪಟ್ಟು ಎರಡೂವರೆ ಗಂಟೆ ಅಕ್ಕ ಬಚ್ಚಲಿಗೂ ಏಳದೆ ಕೂತಿದ್ದಳು. ಇದು ಗಂಡಸರಿಗೆ ಹೇಳಿದರೆ ಅರ್ಥವಾಗುವ ಕಷ್ಟವಲ್ಲ. ನಮಗೆ ಆಗುತ್ತದೆ.

ದೊಡ್ಡ ಪೇಚಾಟ ಬರುವಾಗ. ಆ ಕಾಲದಲ್ಲಿ ಉತ್ತರದ ಕಡೆ ಬೆಳಗಿನ ಹೊತ್ತು ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಬಾಬತ್‌ಪುರದ ವಿಮಾನ ನಿಲ್ದಾಣಕ್ಕೆ ಬಂದರೆ ಇವರ ವಿಮಾನ ರದ್ದಾಗಿತ್ತು. ಕಂಪನಿಯ ಕಂಪ್ಯೂಟರು ತನ್ನ ಪಾಡಿಗೆ ತಾನು ಬೇರೆ ಏರ್ಪಾಟು ಮಾಡಿ ಮುಗಿಸಿತ್ತು. ಒಂಬತ್ತು ಜನರ ಚೀಟಿಗೆ ಅದೇ ಸಂಜೆ ಹೈದರಾಬಾದಿನ ಮೇಲೆ ಹೋಗುವ ವಿಮಾನ. ಇಬ್ಬರ ಚೀಟಿಗೆ ಮಾರನೆಯ ದಿನದ ನೇರ ವಿಮಾನ.

ಈಗ ಅಕ್ಕನ ಸ್ಥಿತಿ ನೋಡಿ. ಹಣವೆಲ್ಲ ಭಾವನವರ ಒಳಜೇಬಿನಲ್ಲಿ. ಮೊಬೈಲು ಅವರದೊಂದೇ. "ಇಬ್ಬರಿಗೆ ಒಂದು ಸಾಕು" ಎಂದು ಅಕ್ಕ ತನ್ನದನ್ನು ಸೊಸೆಯ ಕೈಗೆ ಕೊಟ್ಟು ಬಂದಿದ್ದಳು. ಟಿಕೆಟ್ಟು ಇದ್ದದ್ದು ಆ ಮೊಬೈಲಿನಲ್ಲಿ. ಹಿಂದಿ ಬರುವುದು ಭಾವನವರಿಗೆ ಮಾತ್ರ. ಇನ್ನು ಭಾವನವರ ಸ್ಥಿತಿಯೇನೂ ಮೇಲಲ್ಲ: ಅವರಿಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. ಆ ಪೆನ್ನು, ಸೂಜಿ, ಎಲ್ಲವೂ ಅಕ್ಕನ ಕೈಚೀಲದಲ್ಲಿ. ಮೂವತ್ತು ವರ್ಷದ ಸಂಸಾರದಲ್ಲಿ ಯಾವುದು ಯಾರ ಹತ್ತಿರ ಎನ್ನುವುದು ತಾನಾಗಿಯೇ ಗೊತ್ತಾಗಿರುತ್ತದಲ್ಲ, ಆ ಅಭ್ಯಾಸ ಇಲ್ಲಿ ಇಬ್ಬರನ್ನೂ ಅರ್ಧರ್ಧ ಮಾಡಿಬಿಟ್ಟಿತ್ತು.

ಕೌಂಟರಿನ ಹುಡುಗಿ ಒರಟಳೇನಲ್ಲ. "ಇವು ಬೇರೆ ಬೇರೆ ಬುಕಿಂಗ್. ನಿಮಗೂ ಅವರಿಗೂ ಸಂಬಂಧವಿರುವ ಹಾಗೆ ನನಗೆ ಇಲ್ಲಿ ಕಾಣುತ್ತಿಲ್ಲ" ಎಂದಳಂತೆ. ಭಾವನವರಿಗೆ ಸಿಟ್ಟು ಬಂದು ಮಾತು ಜೋರಾಯಿತು. ಕೆಲಸಕ್ಕೆ ಬಂದವರು ಆ ಅಜ್ಜಿ. ಅಕ್ಕನ ಚೀಲದಿಂದ ಆಧಾರ್ ಕಾರ್ಡು ತೆಗೆದು, ಗಂಡನ ಹೆಸರಿದ್ದ ಜಾಗಕ್ಕೆ ಬೆರಳಿಟ್ಟು, ಭಾವನವರ ಕಾರ್ಡನ್ನೂ ಪಕ್ಕಕ್ಕೆ ಹಿಡಿದು, "ನೋಡಮ್ಮಾ, ಇವನ ಹೆಸರು ಅಲ್ಲೈತೆ, ಮನೆ ವಿಳಾಸ ಎರಡರಾಗೂ ಒಂದೇ" ಎಂದು ಕನ್ನಡದಲ್ಲೇ ಹೇಳಿದರು. ಆ ಹುಡುಗಿಗೆ ಭಾಷೆ ತಿಳಿಯದಿದ್ದರೂ ಬೆರಳು ತಿಳಿಯಿತು. ಮೇಲಿನವರನ್ನು ಕರೆದಳು. ಒಂಬತ್ತು ಜನರ ಬುಕಿಂಗನ್ನು ಒಡೆದು ಭಾವನವರೊಬ್ಬರನ್ನು ಈಚೆಗೆ ತೆಗೆದು, ಮಾರನೆಯ ದಿನದ ವಿಮಾನಕ್ಕೆ ಹಾಕಿಕೊಟ್ಟರು. ಎರಡು ಗಂಟೆ ಹಿಡಿಯಿತು. ಆ ವಿಮಾನದಲ್ಲಿ ಇನ್ನೊಂದು ಸೀಟು ಖಾಲಿಯಿದ್ದುದರಿಂದ ಆಯಿತು, ಇಲ್ಲದಿದ್ದರೆ ಆಗುತ್ತಿರಲಿಲ್ಲ. ಮೂವರೂ ರಾತ್ರಿ ಸ್ವಂತ ಖರ್ಚಿನಲ್ಲಿ ಲಾಡ್ಜಿನಲ್ಲಿ ಕಳೆದು ಬಂದರು. ಮಂಜಿನಂಥ ಕಾರಣಕ್ಕೆ ವಿಮಾನ ರದ್ದಾದರೆ ನಷ್ಟಪರಿಹಾರ ಎಂದು ಏನೂ ಕೊಡುವುದಿಲ್ಲ. ಬೇರೆ ವಿಮಾನ ಕೊಡಿ ಎನ್ನಬಹುದು, ಅಥವಾ ಟಿಕೆಟ್ಟಿನ ಹಣ ಪೂರಾ ವಾಪಸು ಕೊಡಿ ಎನ್ನಬಹುದು. ಎರಡರಲ್ಲಿ ಒಂದು ನಮ್ಮ ಇಷ್ಟ.

ಇಲ್ಲಿ ತಿಳಿಯಬೇಕಾದ ವಿಷಯ ಒಂದಿದೆ. ವಿಮಾನದ ಪ್ರತಿ ಬುಕಿಂಗಿಗೂ ಆರು ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಅದೇ ಪಿ.ಎನ್.ಆರ್. ರೈಲಿನದು ಹತ್ತು ಅಂಕಿ, ಇದು ಆರು. ಕಂಪ್ಯೂಟರಿನ ಕಣ್ಣಿಗೆ ಒಂದು ಪಿ.ಎನ್.ಆರ್. ಅಂದರೆ ಒಂದು ಸಂಸಾರ. ಅದರಲ್ಲಿರುವವರನ್ನು ಒಟ್ಟಿಗೆ ಕೂರಿಸಲು ನೋಡುತ್ತದೆ. ವಿಮಾನ ರದ್ದಾದರೆ, ಹೊತ್ತು ಬದಲಾದರೆ ಒಟ್ಟಿಗೇ ಎತ್ತಿ ಇನ್ನೊಂದಕ್ಕೆ ಹಾಕುತ್ತದೆ. ಬೇರೆ ಪಿ.ಎನ್.ಆರ್. ಆದರೆ ನೀವು ಒಂದೇ ಮನೆಯವರಾಗಿರಿ, ಅವಳಿ-ಜವಳಿಯಾಗಿರಿ, ಅದಕ್ಕೆ ಇಬ್ಬರೂ ದಾರಿಹೋಕರು. ಆದ್ದರಿಂದ ಟಿಕೆಟ್ಟು ಕೈಗೆ ಬಂದ ಕೂಡಲೇ ಹೊತ್ತು, ತಾರೀಖು ನೋಡುವ ಮೊದಲು ಆ ಆರು ಅಕ್ಷರ ನೋಡಿ. ನಿಮ್ಮದೂ ನಿಮ್ಮ ಯಜಮಾನರದೂ ಒಂದೇ ಇದೆಯೇ? ಅತ್ತೆಯವರದು? ಮಗುವಿನದು?

ಒಂದೇ ಮನೆಯವರದು ಎರಡು ಚೀಟಿಯಾಗುವುದಕ್ಕೆ ಅಕ್ಕನ ಏಜೆಂಟರ ಹುಡುಗನೊಬ್ಬನೇ ಕಾರಣವಲ್ಲ. ಉಳಿತಾಯದ ಆಸೆಯಿಂದಲೂ ಆಗುತ್ತದೆ. ಕಡಿಮೆ ದರದ ಸೀಟು ಒಂದೇ ಉಳಿದಿದೆ ಎನ್ನಿ. ಇಬ್ಬರಿಗೆಂದು ಕೇಳಿದರೆ ಕಂಪ್ಯೂಟರು ಇಬ್ಬರಿಗೂ ಮೇಲಿನ ದರವನ್ನೇ ತೋರಿಸುತ್ತದೆ. ಒಬ್ಬೊಬ್ಬರಿಗೇ ಬೇರೆಯಾಗಿ ತೆಗೆದರೆ ಒಂದು ಟಿಕೆಟ್ಟಾದರೂ ಅಗ್ಗವಾಗುತ್ತದೆ. ಜಾಣ ಮಕ್ಕಳು ಇದನ್ನು ಕಂಡುಹಿಡಿದು ಅಪ್ಪನಿಗೊಂದು ಅಮ್ಮನಿಗೊಂದು ಮಾಡಿ ಕಳಿಸುತ್ತಾರೆ. ಚಿಕ್ಕ ವಯಸ್ಸಿನವರಿಬ್ಬರು ಹೋಗುವುದಾದರೆ ಉಳಿಸಿಕೊಳ್ಳಲಿ ಪಾಪ, ನಾನು ಬೇಡವೆನ್ನುವುದಿಲ್ಲ. ವಯಸ್ಸಾದವರು, ಔಷಧಿ ತಿನ್ನುವವರು, ಮೊದಲ ಸಲ ಹೋಗುವವರು, ಕೈಕೂಸಿನ ತಾಯಿ, ಇವರ ವಿಷಯದಲ್ಲಿ ಆ ಉಳಿತಾಯ ಬೇಡ. ಇನ್ನೂ ಒಂದಿದೆ. ಒಟ್ಟಿಗೇ ಮಾಡಿಸಿದ ಟಿಕೆಟ್ಟಿನಲ್ಲಿ ಒಬ್ಬರು ತಾರೀಖು ಬದಲಿಸಿದರೆ ಬುಕಿಂಗು ಅಲ್ಲಿಗೇ ಒಡೆದು ಅವರಿಗೆ ಹೊಸ ಪಿ.ಎನ್.ಆರ್. ಬರುತ್ತದೆ. ಆಮೇಲೆ ಮನಸ್ಸು ಬದಲಾಯಿಸಿ ಮತ್ತೆ ಹಳೆಯ ತಾರೀಖಿಗೇ ಬಂದರೂ ಚೀಟಿ ಎರಡೇ.

ಆಗಲೇ ಎರಡು ಆಗಿಹೋಗಿದ್ದರೆ? ಎರಡನ್ನೂ ಹೊಲಿದು ಒಂದು ಮಾಡಲು ಸಾಮಾನ್ಯವಾಗಿ ಆಗುವುದಿಲ್ಲ. ಆದರೆ ಕಂಪನಿಗೆ ಫೋನು ಮಾಡಿ, ಎರಡೂ ನಂಬರು ಹೇಳಿ, "ಇವರು ಜೊತೆಗಾರರು, ಒಂದರಲ್ಲಿ ಇನ್ನೊಂದರ ಗುರುತು ಹಾಕಿ" ಎಂದು ಕೇಳಿದರೆ ಟಿಪ್ಪಣಿ ಹಾಕಿಕೊಳ್ಳುತ್ತಾರೆ. ಅದು ಪಕ್ಕಾ ಭರವಸೆಯೇನಲ್ಲ. ಕೌಂಟರಿನವರ ಕಣ್ಣಿಗೆ ಬೀಳುತ್ತದೆ, ಅಷ್ಟರಮಟ್ಟಿಗೆ ಲಾಭ.

ಇನ್ನು ಸೀಟಿನ ಮಾತು. ಒಂದೇ ಪಿ.ಎನ್.ಆರ್. ಇದ್ದರೂ ಕೆಲವೊಮ್ಮೆ ಚದುರಿಸುತ್ತಾರೆ. ಯಾಕೆಂದರೆ ಈಗ ಸೀಟು ಆರಿಸಿಕೊಳ್ಳುವುದಕ್ಕೇ ಬೇರೆ ದುಡ್ಡು. ದುಡ್ಡು ಕೊಟ್ಟವರು ಕಿಟಕಿ, ನಡುದಾರಿ ಎಂದು ಆರಿಸಿಕೊಂಡ ಮೇಲೆ ಉಳಿದದ್ದು ನಮಗೆ. ಕಟ್ಟಿಕೊಂಡ ಹೆಂಡತಿಯ ಪಕ್ಕ ಕೂರಲು ಗಂಡ ಮುನ್ನೂರೋ ನಾನೂರೋ ತೆರಬೇಕೆಂದರೆ ನಮ್ಮ ಅಜ್ಜಿಯಂದಿರು ಏನೆನ್ನುತ್ತಿದ್ದರೋ! ದುಡ್ಡು ಕೊಡದೆಯೂ ಒಂದು ದಾರಿಯಿದೆ, ಅದು ಬೇಗ ಚೆಕ್-ಇನ್ ಮಾಡುವುದು. ಮನೆಯಿಂದಲೇ ಮೊಬೈಲಿನಲ್ಲಿ ಮಾಡಬಹುದು. ಸಾಮಾನ್ಯವಾಗಿ ವಿಮಾನ ಹೊರಡುವ 48 ಗಂಟೆ ಮೊದಲು ತೆರೆಯುತ್ತದೆ, ಕೆಲವು ಕಂಪನಿಯದು 24 ಗಂಟೆ ಮೊದಲು. ತೆರೆದ ದಿನವೇ ಮಾಡಿ. ಎಲ್ಲರದೂ ಒಂದೇ ಸಲಕ್ಕೆ ಮಾಡಿ. ಗಂಡ ಆಫೀಸಿನಿಂದ ತನ್ನದನ್ನು ಮಾಡಿಕೊಂಡು, ಹೆಂಡತಿಯದನ್ನು ರಾತ್ರಿ ಮನೆಗೆ ಬಂದು ಮಾಡಿದರೆ ಅಷ್ಟರಲ್ಲಿ ಪಕ್ಕದ ಸೀಟು ಇನ್ನೊಬ್ಬರ ಪಾಲು. ನಮ್ಮಲ್ಲಿ ಹೆಚ್ಚಾಗಿ ಓಡಾಡುವ ದೊಡ್ಡ ವಿಮಾನದಲ್ಲಿ ಸಾಲಿಗೆ ಮೂರು, ಮೂರು ಸೀಟು. ಏ ಮತ್ತು ಎಫ್ ಕಿಟಕಿ, ಸಿ ಮತ್ತು ಡಿ ನಡುದಾರಿ, ಬಿ ಮತ್ತು ಇ ನಡುವೆ. 14-ಸಿ ಮತ್ತು 14-ಡಿ ಬಂದರೆ ಬೇರೆ ಹಾಕಿದರೆಂದು ಗೋಳಾಡಬೇಡಿ, ನಡುವೆ ಓಡಾಡುವ ದಾರಿ ಬಿಟ್ಟರೆ ಪಕ್ಕಪಕ್ಕವೇ. ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ಸರ್ಕಾರದ ಆಜ್ಞೆಯೇ ಇದೆ. 2024ರ ಏಪ್ರಿಲ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ., ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಯಲ್ಲೇ ಸೀಟು ಕೊಡಬೇಕೆಂದು ಎಲ್ಲ ಕಂಪನಿಗಳಿಗೂ ಹೇಳಿತು. ಅದಕ್ಕೆ ಒಂದು ಮಾತು ಸೇರಿಸಿದ್ದಾರೆ, ಗಮನಿಸಿ: ಆ ದೊಡ್ಡವರು ಮಗುವಿನ ಪಿ.ಎನ್.ಆರ್.ನಲ್ಲೇ ಇರಬೇಕು. ನೋಡಿದಿರಾ, ಮತ್ತೆ ಅಲ್ಲಿಗೇ ಬಂತು! ಅಜ್ಜಿಯ ಜೊತೆ ಮೊಮ್ಮಗನನ್ನು ಕಳಿಸುವಾಗ ಮಗುವಿನ ಟಿಕೆಟ್ಟನ್ನು ಬೇರೆಯಾಗಿ ಮಾಡಿಸಿದರೆ ಈ ಆಜ್ಞೆ ನಿಮ್ಮ ಸಹಾಯಕ್ಕೆ ಬರುವುದು ಕಷ್ಟ. ಇಂಗ್ಲೆಂಡಿನ ವಿಮಾನಯಾನ ಪ್ರಾಧಿಕಾರದವರೂ ಮಗುವನ್ನು ದೊಡ್ಡವರ ಸಾಲಿನಲ್ಲೇ, ಆಗದಿದ್ದರೆ ಒಂದು ಸಾಲಿಗಿಂತ ದೂರ ಹೋಗದಂತೆ ಕೂರಿಸಬೇಕೆನ್ನುತ್ತಾರೆ. ಮುದ್ದಿಗಾಗಿ ಮಾಡಿದ ನಿಯಮವಲ್ಲ ಇದು. ಏನಾದರೂ ಅವಘಡವಾಗಿ ಎಲ್ಲರೂ ಬಾಗಿಲ ಕಡೆ ಓಡಬೇಕಾದಾಗ ತಾಯಿ ಬಾಗಿಲ ಕಡೆ ಹೋಗುವುದಿಲ್ಲ, ಮಗುವಿನ ಕಡೆ ಹೋಗುತ್ತಾಳೆ. ಎಲ್ಲರಿಗೂ ದಾರಿ ಕಟ್ಟಿಹೋಗುತ್ತದೆ.

ಬೇಕೆಂದೇ ಬೇರೆ ಮಾಡುವ ಸಂದರ್ಭಗಳೂ ಇವೆ. ಅದಕ್ಕೆ ಜಗಳ ಬೇಡ. ಅಕ್ಕ-ತಂಗಿ ಇಬ್ಬರೂ ತೊಡೆಯ ಮೇಲೆ ಕೂಸು ಇಟ್ಟುಕೊಂಡು ಹೊರಟರೆ ಇಬ್ಬರನ್ನೂ ಒಂದೇ ಕಡೆಯ ಮೂರು ಸೀಟಿನಲ್ಲಿ ಕೂರಿಸುವುದಿಲ್ಲ. ಮೇಲಿನಿಂದ ಇಳಿಯುವ ಉಸಿರಾಟದ ಮುಖವಾಡಗಳಲ್ಲಿ ಅಲ್ಲಿಗೆ ಹೆಚ್ಚಿನದು ಒಂದೇ ಇರುತ್ತದೆ. ಎರಡು ಕೂಸಿಗೆ ಸಾಲದು. ಹಾಗೆಯೇ ತುರ್ತು ಬಾಗಿಲ ಪಕ್ಕದ ಸಾಲು. ಕಾಲು ಚಾಚಲು ಜಾಗ ಹೆಚ್ಚೆಂದು ಮಕ್ಕಳು ಪ್ರೀತಿಯಿಂದ ಅಪ್ಪ-ಅಮ್ಮನಿಗೆ ಆ ಸೀಟು ಕೊಂಡುಕೊಡುತ್ತಾರೆ. ವಯಸ್ಸಾದವರು, ಬಸುರಿಯರು, ಚಿಕ್ಕ ಮಕ್ಕಳು ಅಲ್ಲಿ ಕೂರುವ ಹಾಗಿಲ್ಲ. ಆ ಬಾಗಿಲು ತೆರೆಯುವ ಶಕ್ತಿ ಇರುವವರಿಗೆ ಆ ಜಾಗ. ಕೊನೇ ಗಳಿಗೆಯಲ್ಲಿ ಅಮ್ಮನನ್ನು ಎಬ್ಬಿಸಿ ಎಲ್ಲಿ ಖಾಲಿಯಿದೆಯೋ ಅಲ್ಲಿಗೆ ಕಳಿಸುತ್ತಾರೆ, ಅಪ್ಪ ಅಲ್ಲೇ ಉಳಿಯುತ್ತಾರೆ.

ಹೆಸರಿನ ಗೊಂದಲವಂತೂ ನಮ್ಮ ಕಡೆಯವರದೇ ವಿಶೇಷ. ನಮಗೆ ಇರುವುದು ಒಂದು ಹೆಸರು, ಮುಂದೆ ಒಂದೋ ಎರಡೋ ಇನಿಷಿಯಲ್. ಊರಿನದೊಂದು, ತಂದೆಯದೊಂದು, ಮದುವೆಯಾದ ಮೇಲೆ ಗಂಡನದೊಂದು. ವಿಮಾನದ ಟಿಕೆಟ್ಟಿಗೆ ಹೆಸರು ಬೇರೆ, ಮನೆತನದ ಹೆಸರು ಬೇರೆ ಬೇಕು. ಏಜೆಂಟರು ಒಬ್ಬೊಬ್ಬರದು ಒಂದೊಂದು ಥರ ತುಂಬುತ್ತಾರೆ. ಉತ್ತರ ಕರ್ನಾಟಕದ ಕಡೆ ಒಂದೇ ವಿಮಾನದಲ್ಲಿ ಎಸ್. ಪಾಟೀಲ ಎಂದರೆ ನಾಲ್ಕು ಜನ ತಿರುಗಿ ನೋಡಿಯಾರು. ಗಡಿಬಿಡಿಯಲ್ಲಿ ಒಬ್ಬರ ಬೋರ್ಡಿಂಗ್ ಪಾಸು ಇನ್ನೊಬ್ಬರ ಕೈ ಸೇರುವುದು ಹೀಗೆ. ಪಾಸು ಕೊಟ್ಟ ಕೂಡಲೇ ಕೌಂಟರ್ ಬಿಡುವ ಮೊದಲೇ ಹೆಸರು, ವಿಮಾನದ ನಂಬರು, ಹೋಗುವ ಊರು ಓದಿ. ಕನ್ನಡಕ ಬ್ಯಾಗಿನ ತಳದಲ್ಲಿದ್ದರೂ ತೆಗೆದು ಹಾಕಿಕೊಂಡು ಓದಿ, ಹಿಂದಿನವರು ಗೊಣಗಿದರೆ ಗೊಣಗಲಿ. ಟಿಕೆಟ್ಟಿನ ಹೆಸರು ಆಧಾರ್ ಕಾರ್ಡಿನಲ್ಲಿ, ಹೊರದೇಶಕ್ಕಾದರೆ ಪಾಸ್‌ಪೋರ್ಟಿನಲ್ಲಿ ಇದ್ದಹಾಗೇ ಇರಬೇಕು. ಕಂಪನಿಯ ವೆಬ್‌ಸೈಟಿನಲ್ಲೇ ಮಾಡಿದ ಟಿಕೆಟ್ಟಾದರೆ, ಹೆಸರಿನ ತಪ್ಪನ್ನು 24 ಗಂಟೆಯೊಳಗೆ ತಿಳಿಸಿದವರಿಗೆ ಬಿಟ್ಟಿಯಾಗಿ ತಿದ್ದಿಕೊಡಬೇಕೆಂದು ಡಿ.ಜಿ.ಸಿ.ಎ. ನಿಯಮವಿದೆ.

ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರು ಇನ್ನೂ ಎಚ್ಚರವಾಗಿರಬೇಕು. 2022ರ ನವೆಂಬರ್‌ನಲ್ಲಿ ದುಬೈ, ಅಬುಧಾಬಿ ಇರುವ ಸಂಯುಕ್ತ ಅರಬ್ ಸಂಸ್ಥಾನದವರು ಪಾಸ್‌ಪೋರ್ಟಿನಲ್ಲಿ ಬರಿಯ ಒಂದೇ ಹೆಸರಿನ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲವೆಂದರು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದವರಿಗೆ ಅಲ್ಲಿ ಇಳಿದ ಮೇಲೆ ವೀಸಾ ಕೊಡುತ್ತೇವೆ ಎಂದು ಆಮೇಲೆ ಸ್ವಲ್ಪ ಸಡಿಲಿಸಿದರು. ಗಂಡನಿಗೆ ಎರಡು ಹೆಸರು, ಹೆಂಡತಿ ಬರೀ ಲಕ್ಷ್ಮಮ್ಮ ಎಂದಿದ್ದರೆ ಕೌಂಟರಿನಲ್ಲಿ ನಿಲ್ಲುವವರು ಯಾರೆಂದು ನಾನು ಹೇಳಬೇಕೆ? ಮಗನ ಮನೆಗೆ ಹೊರಡುವ ತಿಂಗಳ ಮೊದಲೇ ಪಾಸ್‌ಪೋರ್ಟು ತೆಗೆದು ನೋಡಿಕೊಳ್ಳಿ.

ವಿಮಾನ ತುಂಬಿ ಹೆಚ್ಚಾಗಿ, ಕಂಪನಿಯವರೇ ಒಬ್ಬರನ್ನು ಹತ್ತಿಸಿಕೊಂಡು ಇನ್ನೊಬ್ಬರಿಗೆ ಸೀಟಿಲ್ಲವೆನ್ನುವುದೂ ಅಪರೂಪಕ್ಕೆ ಉಂಟು. ಆಗ ಬಾಯಿ ಮುಚ್ಚಿಕೊಂಡು ಬರಬೇಡಿ. 2016ರಿಂದ ಜಾರಿಗೆ ಬಂದ ನಿಯಮದಂತೆ ಮೊದಲು ತಾವಾಗಿ ಬಿಟ್ಟುಕೊಡುವವರು ಯಾರಾದರೂ ಇದ್ದಾರೆಯೇ ಎಂದು ಅವರು ಕೇಳಬೇಕು. ಒಲ್ಲದವರನ್ನು ಬಿಟ್ಟರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡದಿದ್ದಲ್ಲಿ ನಷ್ಟ ಕೊಡಬೇಕು. 24 ಗಂಟೆಯೊಳಗಿನ ವಿಮಾನ ಕೊಟ್ಟರೆ ಮೂಲ ದರದ ಲೆಕ್ಕದಲ್ಲಿ 10,000 ರೂಪಾಯಿವರೆಗೆ, ಅದಕ್ಕೂ ತಡವಾದರೆ 20,000 ರೂಪಾಯಿವರೆಗೆ.

ಚೀಟಿ ಒಂದೇ ಇದ್ದು, ಸೀಟು ಪಕ್ಕದಲ್ಲೇ ಸಿಕ್ಕಿದ್ದರೂ ನಿಲ್ದಾಣದೊಳಗೆ ಕೈತಪ್ಪುವ ಜಾಗಗಳಿವೆ. ತಪಾಸಣೆಯ ಹತ್ತಿರ ಹೆಂಗಸರನ್ನು ಪರದೆಯ ಮರೆಯಲ್ಲಿ ಬೇರೆಯಾಗಿ ತಪಾಸಣೆ ಮಾಡುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿ ಗಂಡಸರ ಸಾಲು ಸರಸರ ಸಾಗಿ ನಮ್ಮದು ನಿಂತಿರುವುದುಂಟು. ಚೀಲ, ಮೊಬೈಲು, ಪರ್ಸು ಎಲ್ಲ ಟ್ರೇಯಲ್ಲಿ ಆಚೆ ಹೋಗಿರುತ್ತದೆ, ನಾವು ಬರಿಗೈಯಲ್ಲಿ ಈಚೆ. ಯಜಮಾನರು "ಬಂದಳು ಅಂತ ಕಾಣುತ್ತೆ" ಎಂದುಕೊಂಡು ಮುಂದೆ ನಡೆದುಬಿಡುತ್ತಾರೆ. ಗಾಲಿಕುರ್ಚಿ ಕೇಳಿದ ಹಿರಿಯರನ್ನು ತಳ್ಳುವ ಹುಡುಗ ಬೇರೆಯೇ ದಾರಿಯಲ್ಲಿ ಬೇಗ ಕರೆದೊಯ್ದು ಬಾಗಿಲ ಹತ್ತಿರ ಕೂರಿಸುತ್ತಾನೆ. ಅವರ ಜೊತೆ ಮನೆಯವರೊಬ್ಬರು ಹೋಗಲು ಸಾಮಾನ್ಯವಾಗಿ ಬಿಡುತ್ತಾರೆ, ಕೇಳಬೇಕು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲೂ ಶುರುವಾದ ಡಿಜಿಯಾತ್ರೆ ಇನ್ನೊಂದು. ಅದರಲ್ಲಿ ಮುಖ ನೋಡಿಯೇ ಬಾಗಿಲು ತೆರೆಯುತ್ತದೆ. ಯಜಮಾನರು ತಮ್ಮ ಮುಖ ಮಾತ್ರ ದಾಖಲು ಮಾಡಿಸಿ, ಮನೆಯಾಕೆಯನ್ನು ಉದ್ದ ಸಾಲಿನಲ್ಲಿ ಬಿಟ್ಟು ಒಳಗೆ ಹೋಗಿ ಕಾಫಿ ಕುಡಿದದ್ದನ್ನು ಕೇಳಿದ್ದೇನೆ. ಆ ಬೆಲೆಯ ಕಾಫಿಯನ್ನು!

ನಮ್ಮೂರಿನವರಿಗೆಂದೇ ಒಂದು ಮಾತು. ನೆಂಟರ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ಪೆಟ್ಟಿಗೆಯ ತಳದಲ್ಲಿ ನಾಲ್ಕು ಗಿಟುಕು ಕೊಬ್ಬರಿ ಇಡುತ್ತೇವಲ್ಲ, ಅದು ಕೂಡದು. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನದವರು ಅದನ್ನು ಅಪಾಯದ ಸಾಮಾನಿನ ಪಟ್ಟಿಗೆ ಸೇರಿಸಿದ್ದಾರೆ. ಯಂತ್ರದಲ್ಲಿ ಕಂಡ ಕೂಡಲೇ ಪೆಟ್ಟಿಗೆ ತೆಗೆಸಲು ಒಬ್ಬರನ್ನು ಪಕ್ಕಕ್ಕೆ ಕರೆಯುತ್ತಾರೆ, ಜೊತೆಯವರು ಮುಂದೆ ಹೋಗಿರುತ್ತಾರೆ. ಇಲ್ಲಿನ ವಿಮಾನಗಳಿಗೆ ಕೌಂಟರು ಸಾಮಾನ್ಯವಾಗಿ 60 ನಿಮಿಷ ಮೊದಲು ಮುಚ್ಚುತ್ತದೆ. ಕೊಬ್ಬರಿಗೋಸ್ಕರ ವಿಮಾನ ಬಿಟ್ಟೀರಿ!

ಲಗೇಜಿನಲ್ಲೂ ಒಂದು ಸೂಕ್ಷ್ಮವಿದೆ. ಇಬ್ಬರ ಪೆಟ್ಟಿಗೆಯನ್ನೂ ಒಬ್ಬರ ಹೆಸರಿಗೇ ಹಾಕಿಸಬೇಡಿ. ಪೆಟ್ಟಿಗೆಯ ಧಣಿ ವಿಮಾನ ಹತ್ತದಿದ್ದರೆ ಭದ್ರತೆಗಾಗಿ ಆ ಪೆಟ್ಟಿಗೆಯನ್ನೂ ಕೆಳಗಿಳಿಸುತ್ತಾರೆ. ನಿಮ್ಮ ಸೀರೆಗಳು ಅವರ ಹೆಸರಿನಲ್ಲಿದ್ದು ಅವರು ಉಳಿದುಹೋದರೆ, ಆಚೆ ಇಳಿದ ಮೇಲೆ ಉಟ್ಟ ಸೀರೆಯೇ ಗತಿ.

ಹಾಗಾದರೆ ಕೈಚೀಲದಲ್ಲಿ ಏನಿರಬೇಕು? ಅಕ್ಕ ಈಗ ಊರಾಚೆ ಹೊರಡುವಾಗೆಲ್ಲ ಇಡುವುದನ್ನೇ ಹೇಳುತ್ತೇನೆ. ತನ್ನ ಆಧಾರ್ ಕಾರ್ಡು, ಅದರ ಜೊತೆಗೆ ಗಂಡನದರ ಒಂದು ಜೆರಾಕ್ಸು. ಟಿಕೆಟ್ಟನ್ನು ಕಾಗದದಲ್ಲಿ ಅಚ್ಚು ಹಾಕಿಸಿದ ಒಂದು ಪ್ರತಿ. ಮೊಬೈಲು ಇದ್ದರೂ ಕಾಗದ ಬೇಕು, ಚಾರ್ಜು ಮುಗಿಯುವುದು ಅಂಥ ಹೊತ್ತಿನಲ್ಲೇ. ಎರಡು ಸಾವಿರ ರೂಪಾಯಿ ನಗದು. ಇಬ್ಬರ ಔಷಧಿಯೂ ಎರಡೆರಡು ದಿನಕ್ಕಾಗುವಷ್ಟು, ಇಬ್ಬರ ಚೀಲದಲ್ಲೂ. ಗಂಡ, ಮಗ, ಮತ್ತು ಹೋಗುವ ಊರಿನಲ್ಲಿರುವ ಒಬ್ಬರ ಫೋನ್ ನಂಬರು, ಪುಟ್ಟ ನೋಟುಬುಕ್ಕಿನಲ್ಲಿ ಕೈಯಲ್ಲೇ ಬರೆದದ್ದು. ತನ್ನ ಮೊಬೈಲನ್ನು ಸೊಸೆಗೆ ಕೊಟ್ಟು ಹೊರಡುವ ಪದ್ಧತಿ ನಿಂತಿದೆ. "ಎಲ್ಲಾ ಅವರ ಹತ್ರ ಇದೆ" ಎನ್ನುವುದು ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಗಂಡನ ಮೇಲಿನ ವಿಶ್ವಾಸದ ಮಾತಲ್ಲ ಇದು. ಅವರಿಗೂ ಇದರಿಂದ ಅಷ್ಟೇ ಕಷ್ಟ. ಭಾವನವರು ಆ ಸಂಜೆಯ ವಿಮಾನ ಹತ್ತಿದ್ದರೆ ರಾತ್ರಿಯ ಇನ್ಸುಲಿನ್ ಎಲ್ಲಿತ್ತು?

ಚಿಕ್ಕ ಮಕ್ಕಳಿದ್ದರೆ ಅಂಗಿಯ ಒಳಜೇಬಿನಲ್ಲಿ ಅಪ್ಪ-ಅಮ್ಮ ಇಬ್ಬರ ನಂಬರೂ ಬರೆದ ಚೀಟಿ ಇಡಿ. ಕುತ್ತಿಗೆಗೆ ಹೆಸರು ತೂಗುಹಾಕುವುದು ಬೇಡ. ಹೆಸರು ಹಿಡಿದು ಕರೆದವರನ್ನೆಲ್ಲ ಮಗು ಪರಿಚಯದವರೆಂದುಕೊಳ್ಳುತ್ತದೆ.

ವಿಮಾನ ಹತ್ತಿದ ಮೇಲೂ ಬೇರೆ ಬೇರೆ ಸೀಟೇ ಆಗಿದ್ದರೆ, ಬಾಗಿಲಲ್ಲೇ ನಿಂತು ವಾದ ಮಾಡಬೇಡಿ. ನಿಮ್ಮ ಸೀಟಿನಲ್ಲಿ ಕೂತು, ಎಲ್ಲರೂ ಹತ್ತಿದ ಮೇಲೆ ಗಗನಸಖಿಗೆ ಹೇಳಿ. ನೀವೇ ಯಾರನ್ನಾದರೂ ಕೇಳುವುದಾದರೆ ಒಳ್ಳೆಯ ಸೀಟು ಕೊಟ್ಟು ಸಾಧಾರಣದ್ದನ್ನು ಕೇಳಿ. ನಡುವಿನ ಸೀಟು ಹಿಡಿದು ಕಿಟಕಿಯವರನ್ನು ಏಳಿಸಹೋದರೆ ಯಾರು ಎದ್ದಾರು? ಒಂಟಿಯಾಗಿ ಬಂದ ಹುಡುಗಿಯರನ್ನೇ ಹುಡುಕಿ "ನೀನು ಒಬ್ಬಳೇ ಅಲ್ವೇನಮ್ಮಾ, ಆ ಕಡೆ ಹೋಗು" ಎನ್ನುವ ನಮ್ಮ ಹಿರಿಯರ ರೂಢಿ ನನಗೆ ಹಿಡಿಸುವುದಿಲ್ಲ. ಅವಳು ದುಡ್ಡು ಕೊಟ್ಟು ತೆಗೆದುಕೊಂಡ ಜಾಗ ಅದು, ಇಲ್ಲವೆಂದರೆ ಮುನಿಸಬಾರದು. ಹುಬ್ಬಳ್ಳಿ, ಮೈಸೂರು ಕಡೆಗೆ ಹಾರುವ ರೆಕ್ಕೆಗೆ ಪಂಖ ಕಟ್ಟಿದ ಚಿಕ್ಕ ವಿಮಾನದಲ್ಲಂತೂ ಕೇಳದೆ ಜಾಗ ಬದಲಿಸಲೇಬಾರದು. ಹಿಂದೆ ಮುಂದೆ ಎಷ್ಟು ತೂಕವಿದೆಯೆಂದು ಅವರು ಲೆಕ್ಕ ಹಾಕಿ ಕೂರಿಸಿರುತ್ತಾರೆ.

ಇಳಿಯುವಾಗ ದೊಡ್ಡ ವಿಮಾನಕ್ಕೆ ಕೆಲವೆಡೆ ಎರಡು ಬಾಗಿಲು ತೆರೆಯುತ್ತಾರೆ. ಮುಂದಿನವರು ಮುಂದೆ, ಹಿಂದಿನವರು ಹಿಂದೆ. ಕೆಳಗೆ ಬಸ್ಸು ನಿಂತಿರುತ್ತದೆ, ಅವರು ಒಂದರಲ್ಲಿ ನೀವು ಇನ್ನೊಂದರಲ್ಲಿ. ಮೆಟ್ಟಿಲ ಬುಡದಲ್ಲಿ ನಿಂತು ಕಾಯಲು ಬಿಡುವುದಿಲ್ಲ, ನಿಂತರೆ ಬೈಸಿಕೊಳ್ಳುತ್ತೀರಿ. ಹೊರಡುವ ಮೊದಲೇ "ಪೆಟ್ಟಿಗೆ ಬರುವ ಬೆಲ್ಟಿನ ಹತ್ತಿರ ಸಿಗೋಣ" ಎಂದು ಮಾತಾಡಿಕೊಂಡಿರಿ. ಯಾವ ಬೆಲ್ಟೆಂದು ಒಳಗೆ ಬೋರ್ಡಿನಲ್ಲಿ ಹಾಕಿರುತ್ತಾರೆ, ವಿಮಾನದ ನಂಬರು ನೋಡಿದರೆ ತಿಳಿಯುತ್ತದೆ. ಅಲ್ಲಿ ಹೋಗಿ ನಿಂತಿರಿ. ಅವರು ಬಂದೇ ಬರುತ್ತಾರೆ. ಅವರ ಪೆಟ್ಟಿಗೆಯೂ ಅಲ್ಲೇ ಬರಬೇಕಲ್ಲ!